ಬಾಯ್ಲರ್ ಆರಿದ ಹತ್ತು ದಿನ

ಫೆಬ್ರವರಿ ೧೧

ಅಕ್ಕಾ,

ಈ ಸಲ ಮೇ ತಿಂಗಳ ರಜೆಗೆ ನಾವು ನಿನ್ನ ಮನೆಗೆ ಬರಲ್ಲ. ಇದನ್ನ ಮೊದಲನೇ ಸಾಲಲ್ಲೇ ಬರೆದುಬಿಟ್ಟೆ. ಎಲ್ಲರೂ ಕ್ಷೇಮವೇ, ಭಾವನ ಮಂಡಿನೋವು ಹೇಗಿದೆ ಅಂತ ಸುತ್ತಿ ಬಳಸಿ ಬರೋ ಹೊತ್ತಿಗೆ ನನ್ನ ಧೈರ್ಯ ಸೋರಿಹೋಗಿ, 'ಹತ್ತನೇ ತಾರೀಕು ಬಸ್ ಹತ್ತುತೀವಿ' ಅಂತ ಮುಗಿಸಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ.

ಫೋನ್ ಮಾಡಬಹುದಿತ್ತು. ಆದ್ರೆ ಫೋನಲ್ಲಿ ನೀನು ನನ್ನನ್ನ ಮಾತಾಡೋಕೆ ಬಿಡಲ್ಲ. ನೀನೂ ಕಾಗದದಲ್ಲೇ ಉತ್ತರ ಬರಿ. ಫೋನ್ ಬಂದ್ರೆ ನಾನು ಎತ್ತಲ್ಲ, ನಮ್ಮ ಯಜಮಾನರಿಗೂ ಎತ್ತಬೇಡಿ ಅಂತ ಹೇಳಿದ್ದೀನಿ.

ನಮ್ಮ ಲಾಂಡ್ರಿಯ ಬಾಯ್ಲರ್ ವರ್ಷಕ್ಕೊಂದು ಸಲ ಹತ್ತು ದಿನ ಆರಿಸ್ತಾರೆ. ಒಳಗೆ ಕಟ್ಟಿರೋ ಸುಣ್ಣ ಕೆರೆದು ತೆಗೆದು ಮತ್ತೆ ಹಚ್ಚೋ ತನಕ ನಮಗೆ ರಜೆ. ವರ್ಷದಲ್ಲಿ ನನಗೆ ಅಂತ ಸಿಗೋದು ಆ ಹತ್ತೇ ದಿನ. ಎಂಟು ವರ್ಷದಿಂದ ಆ ಹತ್ತೂ ದಿನ ನಿನ್ನ ಮನೇಲಿ ಕಳೆದಿದ್ದೀನಿ. ಹೇಗೆ ಕಳೆದೆ ಅಂತ ನಿನಗೂ ಗೊತ್ತು. ನಿನ್ನ ಹನ್ನೊಂದು ಬಾಡಿಗೆ ರೂಮಿನ ಹುಡುಗಿಯರು ಪರೀಕ್ಷೆ ಮುಗಿಸಿ ಮನೆಗೆ ಹೋಗೋದೂ ಆಗಲೇ. ಪರದೆ ಇಳಿಸೋದು, ನೆನೆ ಹಾಕೋದು, ಒಗೆಯೋದು, ಹಾಸಿಗೆ ಬಿಸಿಲಿಗೆ ಎಳೆಯೋದು, ಸುಣ್ಣ ಬಳಿದ ಮೇಲೆ ನೆಲ ಉಜ್ಜೋದು. ಮೊದಲನೇ ವರ್ಷ ನೀನು 'ಸ್ವಲ್ಪ ಕೈ ಹಾಕು ಮರೀ' ಅಂದೆ. ಆಮೇಲೆ ಕೇಳೋದನ್ನೂ ಬಿಟ್ಟೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡೋ ಮೊದಲೇ ಬಕೆಟ್ಟು ತುಂಬಿರುತ್ತೆ.

ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಂತೀಯ. ಹೇಳ್ತೀನಿ. ನಮ್ಮ ಅಜ್ಜಮ್ಮನ ಹಳೇ ನೋಟ್‌ಬುಕ್ಕು ರದ್ದಿಗೆ ಹಾಕೋಕೆ ತೆಗೆದಿದ್ದೆ. (ನನ್ನ ಮಗಳು ಏಳು ವರ್ಷಕ್ಕೇ ಎಪ್ಪತ್ತರ ಮಾತಾಡ್ತಾಳೆ ಅಂತ ಆ ಹೆಸರಿಟ್ಟೋಳು ನೀನೇ.) ಅದರಲ್ಲಿ 'ನಾನು ರಜೆ ಕಳೆದ ಬಗೆ' ಅಂತ ಒಂದು ಪುಟ. ಹೀಗೆ ಬರೆದಿದ್ದಾಳೆ: 'ನಾವು ದೊಡ್ಡಮ್ಮನ ಮನೆಗೆ ಹೋದೆವು. ಅಮ್ಮ ಪರದೆ ಒಗೆದಳು. ನಾನು ಕ್ಲಿಪ್ ಕೊಟ್ಟೆ. ತಮ್ಮ ಬಕೆಟ್ಟಿನಲ್ಲಿ ಕೂತಿದ್ದ. ಮುಂದಿನ ವರ್ಷ ನಾನೂ ಒಗೆಯುತ್ತೇನೆ.' ಟೀಚರು ಅಕ್ಷರ ಚೆನ್ನಾಗಿದೆ ಅಂತ ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ.

ನಾನು ಆ ನೋಟ್‌ಬುಕ್ಕು ರದ್ದಿಗೆ ಹಾಕಲಿಲ್ಲ. ಈ ಸಲ ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ. ಎಲ್ಲಿ, ಹೇಗೆ, ಯಾವ ದುಡ್ಡಲ್ಲಿ ಅಂತ ಇನ್ನೂ ಗೊತ್ತಿಲ್ಲ. ಹೋಗೋದಂತೂ ಹೋಗೋದೇ.

ಇಂತಿ,
ನಿನ್ನ ತಂಗಿ

—

ಫೆಬ್ರವರಿ ೨೦

ಮರೀ,

ಕಾಗದ ಬಂತು. ಮೊದಲನೇ ಸಾಲಲ್ಲೇ ಬರೆದುಬಿಟ್ಟೆ ಅಂತ ಹೆಮ್ಮೆ ಬೇರೆ. ಎದುರಿಗೆ ನಿಂತು ಹೇಳೋ ಧೈರ್ಯ ಇಲ್ಲದೋರಿಗೆ ಅಂಚೆ ಚೀಟಿ ಒಂದು ಆಸರೆ.

ನನ್ನ ಮನೇಲಿ ನೀನು ಕೆಲಸ ಮಾಡ್ತೀಯ, ಹೌದು. ಮನೆಯವಳು ಅಂತ ತಾನೇ ಹೇಳೋದು? ನೆಂಟರಿಗೆ ಯಾರಾದ್ರೂ ಬಕೆಟ್ ಕೊಡ್ತಾರಾ? ಅಮ್ಮ ಹೋದಾಗ ನಿನಗೆ ಐದು ವರ್ಷ, ನನಗೆ ಹದಿನಾರು. ನಿನ್ನ ತಲೆ ಬಾಚಿ, ಹೇನು ತೆಗೆದು, ಜ್ವರ ಬಂದಾಗ ಹೆಗಲ ಮೇಲೆ ಹಾಕ್ಕೊಂಡು ಡಾಕ್ಟರ ಹತ್ರ ಓಡಿದ್ದು ಯಾರು? ನಾನು ಅದಕ್ಕೆ ರಜೆ ಕೇಳಿದ್ನಾ? ಸ್ಕೂಲು ಬಿಟ್ಟಿದ್ದು ಕೂಡ ಯಾರಿಗೂ ಹೇಳ್ಕೊಂಡೋಳಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಹಾಗಾಯ್ತು.

ಇನ್ನು ಸಮುದ್ರ. ಅಲ್ಲೇನಿದೆ, ನೀರು ತಾನೇ. ಅದೂ ಕುಡಿಯೋಕೆ ಬರದ ನೀರು. ನಮ್ಮ ಬೀದಿ ಕೊನೆ ಮನೆಯೋರು ಹೋದ ವರ್ಷ ಹೋಗಿದ್ರು. ಲಾಡ್ಜಿನವನು ಚರ್ಮ ಸುಲಿದ, ಮಗುವಿಗೆ ಕಿವಿ ಸೋರಿತು, ವಾಪಸ್ ಬಂದು ತಿಂಗಳಾದ್ರೂ ಚೀಲದಲ್ಲಿ ಮರಳು. ನಾಲ್ಕು ವರ್ಷ ಆದ್ರೂ ಸೊಂಟದಿಂದ ಇಳಿಯದ ನಿನ್ನ ಮಗ ಮೂಟೆ ಅಲ್ಲಿ ಏನು ಮಾಡ್ತಾನೆ? ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚೋದು ಕಲಿ.

ಹತ್ತನೇ ತಾರೀಕು ಸುಣ್ಣದೋನು ಬರ್ತಾನೆ. ಒಂಬತ್ತಕ್ಕೇ ಬಂದ್ರೆ ಒಳ್ಳೇದು.

ನಿನ್ನ ಅಕ್ಕ

—

ಮಾರ್ಚ್ ೨

ಅಕ್ಕಾ,

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದೆ. ನಾನು ದಿನಕ್ಕೆ ಆರುನೂರು ಹಾಸಿಗೆಯ ಬೆಡ್‌ಶೀಟು ನೋಡ್ತೀನಿ. ಇನ್ನೂ ಎಷ್ಟು ಹಾಸಿಗೆ ಬೇಕು ನನ್ನ ಕಾಲಿಗೆ?

ನೀನು ಸಾಕಿದ್ದನ್ನ ನಾನು ಇಲ್ಲ ಅಂದಿಲ್ಲ, ಅನ್ನೋದೂ ಇಲ್ಲ. ಅದರ ಬಗ್ಗೆ ಇವತ್ತು ಬರೆಯಲ್ಲ. ಬರೆಯೋಕೆ ಕೂತ್ರೆ ಅತ್ತುಬಿಡ್ತೀನಿ, ಅತ್ರೆ ಒಂಬತ್ತಕ್ಕೆ ಬಂದುಬಿಡ್ತೀನಿ.

ದುಡ್ಡಿನ ವಿಷಯ ಕೇಳು. ಬಸ್ ಡಿಪೋದಲ್ಲಿ ಟಯರ್ ಕೆಲಸದವರಿಗೂ ವರ್ಷಕ್ಕೊಂದು ಸಲ ಸಂಸಾರ ಸಮೇತ ಪಾಸ್ ಇರುತ್ತಂತೆ. ನಮ್ಮ ಯಜಮಾನರು ಹನ್ನೊಂದು ವರ್ಷದಿಂದ ಅಲ್ಲಿದ್ದಾರೆ, ಒಂದು ಸಲವೂ ಕೇಳಿಲ್ಲ. ಯಾಕ್ರೀ ಅಂದ್ರೆ, ಅಕ್ಕನ ಮನೆಗೆ ಹೋಗೋಕೆ ಟಿಕೆಟ್ ಕಮ್ಮಿ, ಪಾಸ್ ಯಾಕೆ ಸುಮ್ನೆ ಅಂತಾರೆ. ಏನು ಹೇಳೋದು ಇವರಿಗೆ. ಅಲ್ಲಿಗೆ ಬಸ್ಸಿನ ಖರ್ಚು ಹೋಯ್ತು. ಉಳಿಯೋ ಜಾಗ ಒಂದು ಆಗಬೇಕು.

ಮೊದಲು ಟ್ರಾವೆಲ್ಸ್ ಅಂಗಡಿಗೆ ಹೋದೆ. ಅಲ್ಲಿದ್ದೋನು ಬಣ್ಣಬಣ್ಣದ ಪುಸ್ತಕ ತೆಗೆದು ಮುಂದಿಟ್ಟ. ಬಜೆಟ್ ಎಷ್ಟು ಮೇಡಂ ಅಂದ. ಹೇಳಿದೆ. ಪುಸ್ತಕ ಮೆಲ್ಲಗೆ ವಾಪಸ್ ಎಳ್ಕೊಂಡು ಒಳಗಿಟ್ಟ, ಮಕ್ಕಳಿಗೆ ಒಂದೊಂದು ಚಾಕಲೇಟ್ ಕೊಟ್ಟ. ಒಳ್ಳೇ ಮನುಷ್ಯ.

ಆಚೆ ಬಂದ ಮೇಲೆ ನಗು ಬಂತು. ನಾನ್ಯಾಕೆ ಇವನನ್ನ ಕೇಳ್ತಿದ್ದೀನಿ? ಸಮುದ್ರದ ಕಡೆಯ ಲಾಡ್ಜುಗಳ ಬಟ್ಟೆಯೆಲ್ಲ ಲಾರಿಯಲ್ಲಿ ನನ್ನ ಮೇಜಿಗೇ ತಾನೇ ಬರೋದು? ಒಗೆಯೋಕೆ ಹಾಕೋ ಮೊದಲು ಬಿಡಿಸಿ, ಕಲೆ ನೋಡಿ ಬೇರೆ ಬೇರೆ ಮಾಡೋಳು ನಾನು. ಯಾವ ಲಾಡ್ಜಲ್ಲಿ ಯಾರು ಹೇಗೆ ಮಲಗಿ ಎದ್ರು ಅಂತ ಅದರ ಮಾಲೀಕನಿಗಿಂತ ನನಗೆ ಚೆನ್ನಾಗಿ ಗೊತ್ತು. ಫೋಟೋ ಸುಳ್ಳು ಹೇಳುತ್ತೆ, ಬೆಡ್‌ಶೀಟು ಹೇಳಲ್ಲ.

ಲಾಡ್ಜುಗಳಿಗೆ ಹೆಸರು ಬರೆದಿರಲ್ಲ, ಮೂಲೆಯಲ್ಲಿ ಒಂದೊಂದು ಗುರುತು ಒತ್ತಿರುತ್ತೆ. ಕಿರೀಟದ ಗುರುತಿನದ್ದು ದುಡ್ಡಿರೋರದ್ದು. ಲಿಪ್‌ಸ್ಟಿಕ್ಕು, ಕಾಫಿ, ಸಿಗರೇಟ್ ಸುಟ್ಟ ತೂತು. ಒಂದೊಂದು ಕಲೆಗೂ ಗಿರಾಕಿಯಿಂದ ದಂಡ ವಸೂಲಿ ಮಾಡ್ತಾರೆ, ಕಲೆಗಳ ಪಟ್ಟಿ ಕಳಿಸಿ ಅಂತ ನಮಗೆ ಚೀಟಿ ಬರುತ್ತೆ. ಲಂಗರಿನ ಗುರುತಿನದ್ದನ್ನ ಬಿಡಿಸಿದ್ರೇನೇ ಹೆಂಡದ ವಾಸನೆ. ಆ ಕಡೆ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ.

ಇನ್ನೊಂದಿದೆ, ಎರಡು ಮೀನಿನ ಗುರುತು. ಅಕ್ಕಾ, ಆ ಗಂಟು ಬಿಚ್ಚೋದು ಅಂದ್ರೆ ನನಗೆ ಖುಷಿ. ಪ್ರತಿ ಬೆಡ್‌ಶೀಟಲ್ಲೂ ನುಣ್ಣನೆ ಮರಳು. ಅರ್ಧಕ್ಕರ್ಧ ಮಕ್ಕಳ ಉಚ್ಚೆ ಕಲೆ. ಹಾಲು, ಬಿಸ್ಕತ್ತಿನ ಪುಡಿ, ಬಣ್ಣದ ಸೀಸದಕಡ್ಡಿಯಲ್ಲಿ ಬರೆದ ಆನೆ, ಸೂರ್ಯ. ಬಿಳೀ ಪೌಡರ್ ಅಂತೂ ರಾಶಿ, ಸ್ನಾನ ಮಾಡಿಸಿ ಮೆತ್ತಿರ್ತಾರೆ ಅನ್ಸುತ್ತೆ. ಒಂದು ದಿನವೂ ದಂಡದ ಚೀಟಿ ಬಂದಿಲ್ಲ. ಹರಿದಲ್ಲೆಲ್ಲಾ ಯಾರೋ ಇರುವೆ ಸಾಲಿನಂಥ ಹೊಲಿಗೆ ಹಾಕಿ ರಫೂ ಮಾಡಿರ್ತಾರೆ. ಹೊಸದು ಕೊಳ್ಳೋಕೆ ದುಡ್ಡಿಲ್ಲದ ಜಾಗ, ಹಾಗಾಗಿ ಬಾಡಿಗೆಯೂ ಕಮ್ಮಿ. ಮಕ್ಕಳು ಹಾಸಿಗೆ ಒದ್ದೆ ಮಾಡಿದ್ರೂ ಯಾರೂ ಗದರದ ಜಾಗ. ನನಗೆ ಅದೇ ಬೇಕು. ಆಫೀಸಿನ ಗುಮಾಸ್ತನ ಹತ್ರ ಹೆಸರಿಲ್ಲ, ಅಂಚೆ ಪೆಟ್ಟಿಗೆ ನಂಬರ್ ಸಿಕ್ತು.

ನಿನ್ನ ಸುಣ್ಣದೋನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ತಂಗಿ

—

ಮಾರ್ಚ್ ೯

ಎರಡು ಮೀನಿನ ಗುರುತಿನ ಲಾಡ್ಜಿನ ಮಾಲೀಕರಿಗೆ ನಮಸ್ಕಾರ.

ನೀವು ನನ್ನನ್ನ ನೋಡಿಲ್ಲ. ನಾನೂ ನಿಮ್ಮನ್ನ ನೋಡಿಲ್ಲ, ಆದ್ರೆ ನಿಮ್ಮ ಬೆಡ್‌ಶೀಟುಗಳ ಪರಿಚಯ ನಾಲ್ಕು ವರ್ಷದ್ದು. ನಾನು ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸೋ ಕೆಲಸದವಳು.

ಮೇ ಹತ್ತರಿಂದ ಹತ್ತು ದಿನ ನಮಗೊಂದು ರೂಮು ಬೇಕು. ನಾವಿಬ್ಬರು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಗ ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ. ಇದನ್ನ ಬೇರೆ ಲಾಡ್ಜಿಗೆ ಬರೆಯೋಕೆ ನಾಚಿಕೆ ಆಗ್ತಿತ್ತು, ನಿಮಗೆ ಬರೆಯೋಕೆ ನಾಚಿಕೆ ಇಲ್ಲ. ನಿಮ್ಮಲ್ಲಿ ಅದಕ್ಕೆ ಯಾರೂ ಬಯ್ಯಲ್ಲ ಅಂತ ನನಗೆ ಗೊತ್ತು.

ಮೇಲಿನ ಮಹಡಿಯ, ಗಾಳಿ ಬರೋ, ಸಮುದ್ರ ಕಾಣೋ ರೂಮೇ ಬೇಕು ಅಂತಿಲ್ಲ. ನೀರು ಹತ್ತಿರ ಇರಲಿ, ಆಳ ಕಮ್ಮಿ ಇರಲಿ. ಬಾಡಿಗೆ ಎಷ್ಟು ಅಂತ ದಯವಿಟ್ಟು ತಿಳಿಸಿ. ರಫೂ ಮಾಡೋರು ಯಾರು ಅಂತ ಗೊತ್ತಿಲ್ಲ. ಆ ಕೈಗೆ ನನ್ನ ನಮಸ್ಕಾರ ಮುಟ್ಟಿಸಿ.

ಇಂತಿ ನಿಮ್ಮ ವಿಶ್ವಾಸಿ,
ಲಾಂಡ್ರಿಯ ವಿಂಗಡಣೆ ಮೇಜಿನವಳು

—

ಮಾರ್ಚ್ ೨೪

ಪ್ರಿಯ ಸಹೋದರಿ,

ನಿಮ್ಮ ಕಾಗದವನ್ನ ನಾನು ನಮ್ಮ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಅದಕ್ಕೆ ಮೊದಲು ಕ್ಷಮೆ ಕೇಳ್ತೀನಿ. ಒದ್ದೆ ಹಾಸಿಗೆಗೆ ಬಯ್ಯದ ಲಾಡ್ಜು ಅನ್ನೋ ಮಾತು ಬಂದಾಗ ನಮ್ಮ ಆಯಾಗಳು ಚಪ್ಪಾಳೆ ಹೊಡೆದ್ರು.

ನಿಮಗೆ ನಿರಾಸೆ ಮಾಡಬೇಕಾಗಿದೆ. ಇದು ಲಾಡ್ಜಲ್ಲ. ಮೂಳೆ ಆಪರೇಷನ್ ಆದ ಮಕ್ಕಳು ನಡೆಯೋ ಹಾಗಾಗೋ ತನಕ ಇರೋ ಮನೆ. ಸೊಂಟದ ತನಕ ಪ್ಲಾಸ್ಟರ್ ಹಾಕಿರೋ ಮಗು ಎದ್ದು ಹೋಗೋಕಾಗಲ್ಲ, ಮಲಗಿದಲ್ಲೇ ಆಗಿಬಿಡುತ್ತೆ. ಆ ಬಿಳೀ ಪುಡಿ ಪೌಡರ್ ಅಲ್ಲ, ಪ್ಲಾಸ್ಟರ್ ಉದುರಿದ್ದು. ಚಿತ್ರ ಬರೆಯೋದೂ ಮಲಗಿಕೊಂಡೇ. ಮರಳು ಮಾತ್ರ ಸಮುದ್ರದ್ದೇ. ದಿನಾ ಸಂಜೆ ಎಲ್ಲರನ್ನೂ ತಳ್ಳುಗಾಡಿಯಲ್ಲಿ ನೀರಿನ ಹತ್ತಿರ ಕರ್ಕೊಂಡು ಹೋಗ್ತೀವಿ. ನಮ್ಮ ಬಟ್ಟೆ ಲಾಡ್ಜುಗಳ ಲಾರಿಯಲ್ಲೇ ಬರೋದ್ರಿಂದ ನಿಮಗೆ ಹಾಗನ್ನಿಸಿರಬೇಕು. ರಫೂ ಮಾಡೋ ಕೈ ನನ್ನದು. ಇಪ್ಪತ್ತೆರಡು ವರ್ಷದಲ್ಲಿ ಅದನ್ನ ನೋಡಿದೋರು ನೀವೊಬ್ಬರೇ.

ರೂಮು ಬಾಡಿಗೆಗೆ ಇಲ್ಲ. ಆದ್ರೆ ತಾಯಂದಿರಿಗೆ ಅಂತ ಒಂದು ಕೋಣೆ ಇದೆ, ಮೇ ತಿಂಗಳಲ್ಲಿ ಖಾಲಿ. ನಮ್ಮ ಬಟ್ಟೆ ಕೋಣೆಯ ಹೆಂಗಸು ಆಗ ರಜೆ ಹಾಕ್ತಾಳೆ. ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಆ ಕೆಲಸ ನೀವು ನೋಡ್ಕೊಂಡ್ರೆ, ನಿಮ್ಮ ನಾಲ್ಕು ಜನಕ್ಕೂ ಊಟ, ವಸತಿ ಎರಡೂ ಉಚಿತ. ಯೋಚನೆ ಮಾಡಿ ತಿಳಿಸಿ.

ಇಂತಿ,
ಮೇಟ್ರನ್

—

ಏಪ್ರಿಲ್ ೨

ಮರೀ,

ನಿನ್ನ ಯಜಮಾನರು ಫೋನ್ ಎತ್ತಿದ್ರು. ಪಾಪ, ನೀನು ಬೇಡ ಅಂದಿದ್ದು ನೆನಪಾಗೋ ಹೊತ್ತಿಗೆ ಎಲ್ಲಾ ಹೇಳಿ ಮುಗಿಸಿದ್ರು. ಆಸ್ಪತ್ರೇನ ಲಾಡ್ಜು ಅಂದ್ಕೊಂಡೆಯಂತೆ. ನಿನ್ನ ಭಾವ ಮಂಡಿ ಹಿಡ್ಕೊಂಡು ನಕ್ರು. ಬೆಡ್‌ಶೀಟು ಸುಳ್ಳು ಹೇಳಲ್ವಂತೆ. ಅದು ಹೇಳಿದ್ದು ನಿನಗೆ ಅರ್ಥ ಆಗಬೇಕಲ್ಲ.

ಈಗ ಅಲ್ಲಿ ಪುಕ್ಕಟೆ ಊಟ, ಪುಕ್ಕಟೆ ರೂಮು, ಅದಕ್ಕೆ ಬಟ್ಟೆ ಕೆಲಸ ಅಂತೆ. ಹೋಗ್ತೀವಿ ಅಂತ ನಿನ್ನ ಯಜಮಾನರು ಆಗಲೇ ಚೀಲ ಹುಡುಕ್ತಿದ್ದಾರೆ. ಸರಿ ಹಾಗಾದ್ರೆ, ಒಂದು ಮಾತು ಕೇಳ್ತೀನಿ. ಪರರ ಮನೇಲಿ ಒಗೆದ್ರೆ ರಜೆ, ಅಕ್ಕನ ಮನೇಲಿ ಒಗೆದ್ರೆ ಚಾಕರಿ. ಇದ್ಯಾವ ನ್ಯಾಯ?

ಇದಕ್ಕೆ ಉತ್ತರ ಬರಿ. ಇಲ್ಲ ಸುಮ್ನೆ ಬಾ. ಈ ಸಲ ಬರದಿದ್ರೆ ಇನ್ನು ಮುಂದೆ ಬಾ ಅಂತ ಕರೆಯೋಳು ನಾನಲ್ಲ. ಬೆದರಿಕೆ ಅಲ್ಲ, ಇದ್ದಿದ್ದು ಇದ್ದ ಹಾಗೆ ಹೇಳ್ತಿದ್ದೀನಿ.

ನಿನ್ನ ಅಕ್ಕ

—

ಏಪ್ರಿಲ್ ೬

ಮೇಟ್ರನ್ ಅಮ್ಮನವರಿಗೆ ನಮಸ್ಕಾರ.

ಲಾಡ್ಜು ಅಂದ್ಕೊಂಡಿದ್ದಕ್ಕೆ ನಾಚಿಕೆಯಾಯ್ತು. ಎರಡು ದಿನ ನಿಮ್ಮ ಗಂಟು ಬಿಚ್ಚುವಾಗ ಕೈ ಹಿಂದೆ ಹೋಯ್ತು. ನಾನು ಖುಷಿಯಾಗಿ ನೋಡ್ತಿದ್ದ ಕಲೆ ಯಾವ ಮಗುವಿನ ನೋವೋ ಅಂತ. ಮೂರನೇ ದಿನ ಒಂದು ಹೊಸ ಆನೆ ಬಂತು, ಟೋಪಿ ಹಾಕಿದ ಆನೆ. ಆಮೇಲೆ ಸರಿಹೋದೆ.

ನಿಮ್ಮ ಕಾಗದ ಓದಿ ನಮ್ಮ ಯಜಮಾನರು ಕುಣಿದಾಡಿದ್ರು. ನಾನೂ ಕುಣಿದೆ ಅನ್ನಿ. ನಾಲ್ಕು ಗಂಟೆ ಕೆಲಸ ನನಗೆ ಯಾವ ಲೆಕ್ಕ, ಲಾಂಡ್ರಿಯಲ್ಲಿ ಹತ್ತು ಗಂಟೆ ಮಾಡ್ತೀನಿ. ಒಪ್ಪಿಗೆ ಅಂತ ಬರೆದೂ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮಕ್ಕನ ಕಾಗದ ಬಂತು. ಪ್ರತಿ ವರ್ಷ ಈ ಹತ್ತು ದಿನ ನಾನು ಅವಳ ಮನೇಲಿ ಪರದೆ ಒಗೀತಿದ್ದೆ. ಈ ಸಲ ಒಲ್ಲೆ ಅಂತ ಜಗಳ ನಡೀತಿದೆ. ಪರರ ಮನೇಲಿ ಒಗೆದ್ರೆ ರಜೆಯಾ ಅಂತ ಅವಳು ಕೇಳಿದ್ದಾಳೆ. ಕೋಪದಲ್ಲಿ ಕೇಳಿದ್ದು, ಆದ್ರೆ ನ್ಯಾಯವಾಗೇ ಕೇಳಿದ್ದಾಳೆ.

ಹಾಗಾಗಿ ನಿಮ್ಮ ಕೋಣೆ ನನಗೆ ಬೇಡ. ಸೊಕ್ಕು ಅಂದ್ಕೋಬೇಡಿ. ಅಂದ್ಕೊಂಡ್ರೂ ಪರವಾಗಿಲ್ಲ. ನಿಮ್ಮ ಮಕ್ಕಳ ಬಟ್ಟೆಯನ್ನ ವರ್ಷಪೂರ್ತಿ ಪ್ರೀತಿಯಿಂದ ಮುಟ್ಟುತೀನಿ, ಆ ಹತ್ತು ದಿನ ಮಾತ್ರ ಯಾರ ಬಟ್ಟೆಯನ್ನೂ ಮುಟ್ಟಲ್ಲ. ಕೆಲಸ ಕೆಟ್ಟದ್ದು ಅಂತಲ್ಲ. ಅಮ್ಮ ಸುಮ್ನೆ ಕೂತಿದ್ದನ್ನ ನನ್ನ ಮಗಳು ಹುಟ್ಟಿದಾಗಿಂದ ನೋಡಿಲ್ಲ. ಅವಳು ಅದನ್ನ ಒಂದು ಸಲ ನೋಡಬೇಕು, ಇಲ್ಲದಿದ್ರೆ ಅವಳಿಗೂ ಕೂರೋಕೆ ಬರಲ್ಲ.

ದುಡ್ಡು ಕೊಟ್ಟು ಇರೋ ಹಾಗೆ, ಎಷ್ಟು ಸಣ್ಣದಾದ್ರೂ ಸರಿ, ನಿಮಗೆ ಗೊತ್ತಿರೋ ಜಾಗ ಒಂದಿದ್ರೆ ಹೇಳಿ. ಇಲ್ಲದಿದ್ರೂ ಬರ್ತೀವಿ, ಬಸ್ ಸ್ಟ್ಯಾಂಡಲ್ಲಿ ಮಲಗ್ತೀವಿ.

ಇಂತಿ,
ವಿಂಗಡಣೆ ಮೇಜಿನವಳು

—

ಏಪ್ರಿಲ್ ೧೫

ಪ್ರಿಯ ಸಹೋದರಿ,

ಬಸ್ ಸ್ಟ್ಯಾಂಡಲ್ಲಿ ಸೊಳ್ಳೆ ಜಾಸ್ತಿ, ಬೇಡ.

ನಮ್ಮಿಂದ ಸ್ವಲ್ಪ ದೂರದಲ್ಲಿ ಮೀನಿಗೆ ಐಸ್ ಮಾಡೋ ಫ್ಯಾಕ್ಟರಿ ಇದೆ. ಮೇ ತಿಂಗಳಲ್ಲಿ ಮೀನು ಕಮ್ಮಿಯಾಗಿ ದೋಣಿಗಳು ನಿಂತಾಗ ಫ್ಯಾಕ್ಟರಿಯೂ ನಿಲ್ಲುತ್ತೆ, ಕೆಲಸಗಾರರ ರೂಮುಗಳು ಖಾಲಿ. ಕಾವಲಿನವನ ಹೆಂಡತಿ ಒಂದು ರೂಮು ಕೊಡ್ತಾಳೆ. ಬಾಡಿಗೆ ಲಾಡ್ಜಿನದ್ದರ ಅರ್ಧದಷ್ಟೂ ಇಲ್ಲ. ಸಿಮೆಂಟ್ ನೆಲ, ಒಂದು ಬಲ್ಬು, ಹೊರಗೆ ನಲ್ಲಿ, ಅಡುಗೆಗೆ ಒಂದು ಸ್ಟೌ. ಸ್ವಲ್ಪ ಮೀನಿನ ವಾಸನೆ ಇರುತ್ತೆ, ಎರಡು ದಿನಕ್ಕೆ ಮೂಗು ಒಗ್ಗಿಕೊಳ್ಳುತ್ತೆ. ಅಲ್ಲಿ ಬೆಡ್‌ಶೀಟು ಕೊಡಲ್ಲ. ನಿಮಗೆ ಇದು ಇಷ್ಟ ಆಗಬಹುದು ಅಂತ ಬರೆದೆ.

ಮುಂದೆಯೇ ನೀರು. ಇನ್ನೂರು ಹೆಜ್ಜೆ ಒಳಗೆ ಹೋದ್ರೂ ಮಂಡಿ ದಾಟಲ್ಲ. ನಮ್ಮ ಮಕ್ಕಳನ್ನ ಅಲ್ಲಿಗೇ ಕರ್ಕೊಂಡು ಬರೋದು. ಆದ್ರೂ ಅಲೆಯ ಕಡೆ ಬೆನ್ನು ಮಾಡೋ ಹಾಗಿಲ್ಲ ಅಂತ ಮಕ್ಕಳಿಗೆ ಈಗಲೇ ಹೇಳಿ ಇಡಿ.

ಕೆಲಸ ಒಲ್ಲೆ ಅಂದಿದ್ದು ಸೊಕ್ಕು ಅಂತ ನನಗೆ ಅನ್ನಿಸಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಇಂತಿ,
ಮೇಟ್ರನ್

—

ಏಪ್ರಿಲ್ ೨೧

ಅಕ್ಕಾ,

ನಿನ್ನ ಪ್ರಶ್ನೆಗೆ ಉತ್ತರ ಕೇಳಿದ್ದೀಯ. ಇದ್ಯಾವ ನ್ಯಾಯ ಅಂದೆ. ನ್ಯಾಯ ಅಲ್ಲ ಅಂತ ನನಗೂ ಕಾಣ್ತು, ಅದಕ್ಕೇ ಅಲ್ಲಿನ ಕೆಲಸವನ್ನೂ ಒಲ್ಲೆ ಅಂದೆ. ಐಸ್ ಫ್ಯಾಕ್ಟರಿಯ ರೂಮು ಗೊತ್ತಾಗಿದೆ. ಹತ್ತನೇ ತಾರೀಕು ಹೊರಡ್ತೀವಿ.

ಇನ್ನು ಮುಂದೆ ಕರೆಯಲ್ಲ ಅಂದಿದ್ದೀಯ. ಅದನ್ನ ಓದಿ ನಾಲ್ಕು ದಿನ ಊಟ ಸೇರಲಿಲ್ಲ. ಐದನೇ ದಿನ ಸೇರ್ತು. ಕೆಳಗೆ ಅಲ್ಲಿನ ವಿಳಾಸ ಬರೆದಿದ್ದೀನಿ, ಬಯ್ಯೋದಿದ್ರೆ ಅಲ್ಲಿಗೆ ಬರಿ.

ಇಂತಿ,
ನಿನ್ನ ತಂಗಿ

—

ಮೇ ೧೭

ಅಕ್ಕಾ,

ನಿನ್ನಿಂದ ಕಾಗದ ಇಲ್ಲ. ದಿನಾ ಕಾವಲಿನವನ ಹೆಂಡತಿಯನ್ನ ಕೇಳ್ತೀನಿ, ಅವಳು ಇಲ್ಲಮ್ಮ ಅಂತಾಳೆ. ಸರಿ, ನಾನೇ ಬರೀತೀನಿ.

ಮೂಟೆ ಸೊಂಟದಿಂದ ಇಳಿದ. ಮೊದಲ ಎರಡು ದಿನ ಇವರ ಕತ್ತು ಬಿಡಲಿಲ್ಲ, ಅಲೆ ಬಂದಾಗೆಲ್ಲ ಕಿರುಚಿದ. ಮೂರನೇ ದಿನ ಒಂದು ಏಡಿ ಓಡಿತು ನೋಡು, ಅದರ ಹಿಂದೆ ತಾನಾಗೇ ಇಳಿದು ಓಡಿದ. ಈಗ ಊಟಕ್ಕೆ ಕರೆದ್ರೂ ಬರಲ್ಲ. ಕಿವಿ ಸೋರಿಲ್ಲ. ಚೀಲದಲ್ಲಿ ಮರಳು ಸೇರಿರೋದು ಮಾತ್ರ ನಿಜ.

ನನ್ನ ಅವಸ್ಥೆ ಕೇಳು. ಹತ್ತು ದಿನ ಬಟ್ಟೆ ಮುಟ್ಟಲ್ಲ ಅಂತ ಎಲ್ಲರಿಗೂ ಕಾಗದ ಬರೆದು ಸಾರಿಬಿಟ್ಟಿದ್ನಲ್ಲ. ಮೊದಲನೇ ದಿನ ಬೆಳಗ್ಗೆ ಐದಕ್ಕೇ ಎಚ್ಚರ. ಹೊರಗೆ ಬಂದೆ. ಕಾವಲಿನವನ ಹೆಂಡತಿ ಒಣಹಾಕಿದ್ದ ಬಟ್ಟೆ ಹಗ್ಗದ ಮೇಲಿತ್ತು. ಅದನ್ನ ತೆಗೆದು ಮಡಚೋಕೆ ಶುರು ಮಾಡಿದ್ದೀನಿ, ನನಗೇ ಗೊತ್ತಿಲ್ಲ. ಯಾರೂ ಹೇಳಿಲ್ಲ, ಕೇಳಿಲ್ಲ. ಅರ್ಧ ಹಗ್ಗ ಖಾಲಿಯಾಗಿತ್ತು. ಅಜ್ಜಮ್ಮ ಕಣ್ಣುಜ್ಜಿಕೊಂಡು ಬಂದೋಳು ನನ್ನ ಕೈ ಹಿಡಿದ್ಲು.

"ಅಮ್ಮಾ, ಬಿಡು. ಅದು ನಮ್ಮದಲ್ಲ."

ಅಕ್ಕಾ, ನಾನು ಅಲ್ಲೇ ಕೂತು ಅತ್ತೆ. ನಿನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಇಷ್ಟು ದಿನ. ನೀನು ಬಕೆಟ್ಟು ತುಂಬಿಸಿಟ್ಟೆ, ನಿಜ. ಅದು ತುಂಬಿರದಿದ್ರೆ ನಾನೇ ತುಂಬಿಸ್ತಿದ್ನೋ ಏನೋ. ಆದ್ರೂ ಕೋಪ ಇದೆ. ಅತ್ತ ಮೇಲೂ ಇದೆ.

ಅವತ್ತು ಪೂರ್ತಿ ನೀರಲ್ಲಿ ಕೂತೆ. ಸುಮ್ನೆ. ಬ್ಲೀಚಿಂಗ್ ಪೌಡರಿಗೆ ಬಿರಿದ ಕೈಗೆ ಉಪ್ಪು ನೀರು ಹತ್ತಿ ಉರೀತು, ಉರೀಲಿ ಅಂತ ಕೂತೆ. ಅಜ್ಜಮ್ಮ ಆಗಾಗ ಬಂದು ನೋಡ್ಕೊಂಡು ಹೋಗ್ತಿದ್ಲು, ಹುಷಾರಿಲ್ವಾ ಅಂತ ಕೇಳಿದ್ಲು. ಆಮೇಲೆ ಅವಳೂ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತ್ಲು. ಮಾತೇ ಇಲ್ಲ, ಅವಳಿಗೆ ಮಾತಿಲ್ಲ ಅಂದ್ರೆ ನಂಬ್ತೀಯಾ?

ಸಂಜೆ ಮೇಟ್ರನ್ ಬರ್ತಾರೆ, ಪ್ಲಾಸ್ಟರಿನ ಮಕ್ಕಳ ಗಾಡಿ ಸಾಲಾಗಿ ನಿಲ್ಲಿಸ್ತಾರೆ. ತೊಡೆ ಮೇಲೆ ರಫೂ ಕೆಲಸ ಇದ್ದೇ ಇರುತ್ತೆ. ನನ್ನ ಕೈ ಕಡಿಯುತ್ತೆ, ಆದ್ರೂ ಸೂಜಿ ಕೇಳಿಲ್ಲ. ನಿನ್ನೆ ಅವರು ಬುಟ್ಟಿ ತರಲೇ ಇಲ್ಲ. ಇಬ್ಬರೂ ಕೂತು ಕಡಲೆಕಾಯಿ ತಿಂದ್ವಿ.

ಈಗ ಮುಖ್ಯವಾದ ಮಾತು. ನೀನು ನನ್ನನ್ನ ಸಾಕಿದೆ. ನಿನಗೆ ಹದಿನಾರು, ಯಾರೂ ನಿನ್ನ ತಲೆ ಬಾಚಲಿಲ್ಲ. ಅದು ನನಗೆ ಗೊತ್ತು, ಸಾಯೋ ತನಕ ಗೊತ್ತಿರುತ್ತೆ. ಆದ್ರೆ ಅದನ್ನ ಪರದೆ ಒಗೆದು ತೀರಿಸೋಕೆ ಆಗಲ್ಲ ಅಕ್ಕಾ. ಎಂಟು ವರ್ಷ ಒಗೆದೆ, ತೀರಲಿಲ್ಲ. ಇನ್ನು ಎಂಬತ್ತು ವರ್ಷ ಒಗೆದ್ರೂ ತೀರಲ್ಲ. ತೀರದೇ ಇರಲಿ ಬಿಡು.

ಮುಂದಿನ ವರ್ಷವೂ ಬಾಯ್ಲರ್ ಆರಿದಾಗ ನಾನು ಬರಲ್ಲ. ಆದ್ರೆ ನಿನ್ನ ಮನೆಗೆ ಬರ್ತೀನಿ. ನೀನು ಕರೆಯಲ್ಲ ಅಂದಿದ್ದೀಯ, ಕರೆಯದಿದ್ರೂ ಬರ್ತೀನಿ. ಈ ಜುಲೈನಲ್ಲೇ ಒಂದು ಭಾನುವಾರ, ಒಳ್ಳೇ ಸೀರೆ ಉಟ್ಟು, ನೆಂಟರ ಹಾಗೆ. ಮುಂದಿನ ರೂಮಲ್ಲಿ ಕುರ್ಚಿ ಮೇಲೆ ಕೂರ್ತೀನಿ. ನೀನು ಟೀ ಮಾಡಿ ತಂದು ಕೊಡಬೇಕು. ಕುಡಿದ ಲೋಟ ತೊಳೆಯೋಕೂ ನಾನು ಏಳಲ್ಲ. ಇದು ಆಗಲ್ಲ ಅಂದ್ರೆ ಈಗಲೇ ಬರಿ, ನಾನು ಆವತ್ತೂ ಬರ್ತೀನಿ, ಬಾಗಿಲಲ್ಲಿ ನಿಂತು ವಾಪಸ್ ಹೋಗ್ತೀನಿ.

ಇಂತಿ,
ನಿನ್ನ ತಂಗಿ

—

ಜೂನ್ ೫

ಮರೀ,

ನಿನ್ನ ಕಾಗದ ಬಂದು ಎರಡು ವಾರ ಆಯ್ತು. ಕೋಪ ಇಳಿದ ಮೇಲೆ ಬರೆಯೋಣ ಅಂತ ಕಾದೆ, ಇಳೀಲಿಲ್ಲ. ಇರಲಿ ಅಂತ ಬರೀತಿದ್ದೀನಿ.

ಕೆಲಸಕ್ಕೆ ಇಬ್ಬರು ಹೆಂಗಸರನ್ನ ಹಿಡಿದೆ. ಎರಡನೇ ದಿನ ಮಧ್ಯಾಹ್ನಕ್ಕೇ ಇದು ನಮ್ಮ ಕೈಲಿ ಆಗಲ್ಲ ಅಂತ ಹೋದ್ರು. ಇಬ್ಬರೂ ಗಟ್ಟಿಮುಟ್ಟಾದೋರು. ನಾನೇ ಏಣಿ ಹತ್ತಿದೆ, ನಾಲ್ಕು ಪರದೆ ಇಳಿಸೋ ಹೊತ್ತಿಗೆ ಬೆನ್ನು ಹಿಡ್ಕೊಂಡಿತು. ಉಳಿದಿದ್ದನ್ನ ಹಾಗೇ ಬಿಟ್ಟೆ. ಹುಡುಗಿಯರು ವಾಪಸ್ ಬಂದು ವಾರ ಆಯ್ತು. ಪರದೆ ಒಗೆದಿಲ್ಲ ಅಂತ ಹನ್ನೊಂದು ರೂಮಲ್ಲಿ ಒಬ್ಬಳೂ ಹೇಳಲಿಲ್ಲ. ಒಬ್ಬಳಿಗೂ ಗೊತ್ತೇ ಆಗಲಿಲ್ಲ. ಅದಕ್ಕೆ ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಇನ್ನೂ ಗೊತ್ತಾಗಿಲ್ಲ.

ನೀನು ಬರೋದು ಜುಲೈ ಎರಡನೇ ಭಾನುವಾರ ಇಟ್ಕೋ. ಮುಂದಿನ ರೂಮಿನ ಕುರ್ಚಿ ಮೇಲಿದ್ದ ಹಳೇ ಪೇಪರೆಲ್ಲ ತೆಗೆಸಿದ್ದೀನಿ.

ಇನ್ನೊಂದು ವಿಷಯ. ನಿನ್ನೆ ನಿನ್ನ ಭಾವನಿಗೆ ಟೀ ಮಾಡ್ತಾ ನಿಂತಿದ್ದೆ, ಜುಲೈನಲ್ಲಿ ನಿನಗೂ ಮಾಡಬೇಕಲ್ಲ ಅಂತ ಯೋಚನೆ ಬಂತು. ನಿನಗೆ ಮೊದಲು ಬಿದ್ದ ಹಲ್ಲು ಯಾವುದು ಅಂತ ನನಗೆ ಗೊತ್ತು. ಯಾವ ಕನಸಿಗೆ ಹೆದರಿ ಎದ್ದು ಕೂರ್ತಿದ್ದೆ ಅಂತಲೂ ಗೊತ್ತು. ನೀನು ದೊಡ್ಡೋಳಾದ ಮೇಲೆ, ನೀನಿದ್ದಾಗೆಲ್ಲ ಈ ಮನೇಲಿ ಟೀ ಮಾಡಿದ್ದು ನೀನೇ. ಡಬ್ಬಿ ಮುಚ್ಚಳ ತೆಗೆದು ಚಮಚ ಹಿಡ್ಕೊಂಡು ಸುಮಾರು ಹೊತ್ತು ನಿಂತೆ.

ನೀನು ಟೀಗೆ ಸಕ್ಕರೆ ಎಷ್ಟು ಹಾಕ್ಕೊಳ್ತೀಯ ಅಂತ ನನಗೆ ಗೊತ್ತಿಲ್ಲ ಮರೀ. ಬರೆದು ತಿಳಿಸು.

ನಿನ್ನ ಅಕ್ಕ